ನಲವತ್ತು ದಾಟಿದ ಮೇಲೆ ಕನ್ನಡ ಎಂ.ಎ.: ದೂರಶಿಕ್ಷಣದಲ್ಲಿ ಗೆಲ್ಲುವ ಸೂತ್ರಗಳು

ಬ್ಯಾಂಕಿನ ಗುಮಾಸ್ತರು, ಪ್ರಾಥಮಿಕ ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆಯರು, ಮಕ್ಕಳ ಮದುವೆ ಮುಗಿಸಿದ ಗೃಹಿಣಿಯರು, ನಿವೃತ್ತಿಯ ಹೊಸ್ತಿಲಲ್ಲಿರುವ ಪೊಲೀಸರು. ದೂರಶಿಕ್ಷಣದ ಸಂಪರ್ಕ ತರಗತಿಯ ಬೆಂಚುಗಳಲ್ಲಿ ಕೂರುವವರು ಇಂಥವರೇ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಬುನಾದಿಯ ಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಎದ್ದು ನಿಂತಿತು. ಅಂದಿನಿಂದ ಇಂದಿನವರೆಗೆ ಕೆಲಸ, ಸಂಸಾರ ಎರಡನ್ನೂ ಬಿಡದೆ ಪಂಪ, ರನ್ನ, ಕುಮಾರವ್ಯಾಸರನ್ನು ಓದಿ ಪದವಿ ಪಡೆದವರು ಊರೂರಿನಲ್ಲೂ ಇದ್ದಾರೆ. ನಡುವೆಯೇ ಕೈಬಿಟ್ಟವರೂ ಇದ್ದಾರೆ. ಕೈಬಿಟ್ಟವರಿಗೆ ಬುದ್ಧಿಯಾಗಲಿ ರಸಿಕತೆಯಾಗಲಿ ಕಡಿಮೆ ಇತ್ತೆಂದು ನಾನು ಒಪ್ಪುವುದಿಲ್ಲ. ವಿಶ್ವವಿದ್ಯಾಲಯ ಕಳಿಸಿದ ಪಾಠದ ಪುಸ್ತಕವನ್ನೇ ಸಾಹಿತ್ಯ ಎಂದುಕೊಂಡು, ಕೃತಿಯನ್ನು ತೆರೆಯದೆ ಉಳಿದದ್ದೇ ಬಹುಪಾಲು ಜನರಿಗೆ ಮುಳುವಾಗುತ್ತದೆ. ಕೆಳಗಿನ ಸೂತ್ರಗಳಲ್ಲಿ ಹೆಚ್ಚಿನವು ಆ ಒಂದು ತೊಡಕನ್ನು ಬಿಡಿಸಲು ಇರುವಂಥವು.

1. ಮೊದಲು ಮಾನ್ಯತೆ ನೋಡಿ, ಆಮೇಲೆ ಶುಲ್ಕ ಕಟ್ಟಿ

ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ, ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ಸಾಲಿನಲ್ಲಿ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ನಿಮ್ಮ ಕೋರ್ಸಿನ ಹೆಸರು, ನೀವು ಸೇರುವ ಸಾಲು ಎರಡೂ ಅದರಲ್ಲಿರಬೇಕು. ವಿಶ್ವವಿದ್ಯಾಲಯದ ಹೆಸರು ದೊಡ್ಡದೆಂದು ಈ ಕೆಲಸ ಬಿಡಬೇಡಿ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ಸಿಕ್ಕಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಾನ್ಯತೆ ಇರುವ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ‘ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆಯಿಲ್ಲ’ ಎನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೀವು ಮುಂಬಯಿಯಲ್ಲೋ ಚೆನ್ನೈಯಲ್ಲೋ ಇರುವ ಕನ್ನಡಿಗರಾದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಹೊರರಾಜ್ಯದಲ್ಲಿ ವಾಸವಿರುವವರನ್ನು ಈ ವಿಶ್ವವಿದ್ಯಾಲಯ ಸೇರಿಸಿಕೊಳ್ಳಬಹುದೇ, ಪರೀಕ್ಷೆ ಬರೆಯಲು ಎಲ್ಲಿಗೆ ಬರಬೇಕು?

2. ಕಾಗದಪತ್ರಗಳಲ್ಲಿ ಹೆಸರು ಒಂದೇ ಇರಲಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪದವಿ ಪ್ರಮಾಣಪತ್ರದಲ್ಲಿ ಬೇರೆಯೇ ಕಾಗುಣಿತ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಓದಲು ಹೊರಟ ಹೆಣ್ಣುಮಕ್ಕಳಿಗೆ ಮೊದಲ ಅಡ್ಡಿ ಬರುವುದೇ ಇಲ್ಲಿ. ಈಗ ಪ್ರವೇಶಕ್ಕೆ ಡಿಇಬಿ ಐಡಿ ಬೇಕು, ಅದನ್ನು ಆನ್‌ಲೈನಿನಲ್ಲಿ ಮಾಡಿಸುವಾಗ ಹೆಸರು ತಾಳೆಯಾಗಬೇಕು. ಪ್ರವೇಶದ ಕೊನೆಯ ವಾರಕ್ಕೆ ಬಿಡದೆ ಮೊದಲೇ ತಿದ್ದುಪಡಿ ಮಾಡಿಸಿಡಿ. ಸರ್ಕಾರಿ ನೌಕರರಾದರೆ ಇಲಾಖೆಯ ಲಿಖಿತ ಅನುಮತಿಯನ್ನು ಸೇರುವ ಮುಂಚೆಯೇ ಪಡೆಯಿರಿ. ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಿಸಲು ಆ ಒಂದು ಹಾಳೆ ಬೇಕಾಗುತ್ತದೆ.

3. ಪಠ್ಯಪಟ್ಟಿ ಬಂದ ದಿನವೇ ಮೂಲಕೃತಿಗಳನ್ನು ಹುಡುಕಲು ಹೊರಡಿ

ಪಾಠದ ಪುಸ್ತಕ ಮನೆಗೆ ಬರುವುದು ತಡವಾಗಬಹುದು. ಅದಕ್ಕೆ ಕಾಯುತ್ತ ಕೂತರೆ ಅರ್ಧ ವರ್ಷ ಹೋದದ್ದೇ ತಿಳಿಯುವುದಿಲ್ಲ. ಪಠ್ಯಕ್ರಮ ಕೈಗೆ ಬಂದ ಕೂಡಲೇ ಅದರಲ್ಲಿರುವ ಕಾವ್ಯ, ಕಾದಂಬರಿ, ನಾಟಕಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಕಾದಂಬರಿಗಳನ್ನು ಮೊದಲು ಮುಗಿಸಿಬಿಡಿ. ‘ಮಲೆಗಳಲ್ಲಿ ಮದುಮಗಳು’ ಅಂಥ ಕೃತಿ ಪಠ್ಯದಲ್ಲಿದ್ದರೆ ಪರೀಕ್ಷೆಯ ತಿಂಗಳಲ್ಲಿ ಅದನ್ನು ಓದಲು ಯಾರಿಗೂ ಆಗುವುದಿಲ್ಲ, ಓದಿದರೂ ಮೈಗೆ ಹತ್ತುವುದಿಲ್ಲ.

ಪುಸ್ತಕಗಳು ಸಿಗುವ ಜಾಗಗಳು ಬೇಕಾದಷ್ಟಿವೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಹಿಂದಿನ ಕಪಾಟುಗಳಲ್ಲಿ ಹಳೆಯ ಮುದ್ರಣಗಳಿರುತ್ತವೆ. ಗ್ರಂಥಪಾಲಕರನ್ನು ಮಾತಾಡಿಸಿದರೆ ತೆಗೆದುಕೊಡುತ್ತಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ಕನ್ನಡ ಪುಸ್ತಕ ಪ್ರಾಧಿಕಾರ, ಕನ್ನಡ ಸಾಹಿತ್ಯ ಪರಿಷತ್ತುಗಳ ಪುಸ್ತಕಗಳು ಖಾಸಗಿ ಪ್ರಕಟಣೆಗಳಿಗಿಂತ ಅಗ್ಗ. ವಚನಗಳಿಗೆ ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳಿವೆ. ಒಂದು ಪದ ಎಷ್ಟು ವಚನಗಳಲ್ಲಿ, ಯಾರ ವಚನದಲ್ಲಿ ಬಂದಿದೆ ಎಂದು ಹುಡುಕಲು ‘ವಚನ ಸಂಚಯ’ ಜಾಲತಾಣವಿದೆ. ಇಗ್ನೋದಲ್ಲಿ ಇಂಗ್ಲಿಷ್ ಎಂ.ಎ. ಮಾಡುವವರಿಗಂತೂ ಪಾಠಗಳೆಲ್ಲ ಇ-ಜ್ಞಾನಕೋಶದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸೇರುವ ಮುಂಚೆಯೇ ಅವನ್ನು ಓದಿ ನೋಡಿ, ಈ ಓದು ನಿಮಗೆ ಒಗ್ಗುತ್ತದೆಯೇ ಎಂದು ತೀರ್ಮಾನಿಸಬಹುದು.

4. ಹಳಗನ್ನಡವನ್ನು ಬಾಯಿಬಿಟ್ಟು ಓದಿ

ಕನ್ನಡ ಎಂ.ಎ. ಬಿಟ್ಟವರನ್ನು ಕೇಳಿದರೆ ಹೆಚ್ಚಿನವರು ಹೇಳುವ ಕಾರಣ ಒಂದೇ, ಹಳಗನ್ನಡ. ಪಂಪನ ಒಂದು ಪದ್ಯ ಎದುರಿಗಿಟ್ಟರೆ ಎಲ್ಲಿ ಪದ ಮುಗಿಯಿತು, ಎಲ್ಲಿ ಶುರುವಾಯಿತು ಎಂದೇ ಗೊತ್ತಾಗದೆ ಕಣ್ಣು ಕಂಗಾಲಾಗುತ್ತದೆ. ಆ ಕಾವ್ಯ ಹುಟ್ಟಿದ್ದು ಕಿವಿಗಾಗಿ. ಹಾಗಾಗಿ ಕಿವಿಯಿಂದಲೇ ಒಳಗೆ ಹೋಗಬೇಕು.

ಕ್ರಮ ಹೀಗಿರಲಿ. ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ಅರ್ಥದ ಗೊಡವೆಗೆ ಹೋಗಬೇಡಿ. ನಾಲ್ಕನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು ಸಂಧಿ ಬಿಡಿಸಿ ಗೆರೆ ಎಳೆಯಿರಿ. ಪಾಲ್ ಹಾಲಾದದ್ದು, ಪುಲಿ ಹುಲಿಯಾದದ್ದು, ‘ಒಳ್’ ಎಂಬುದು ‘ಅಲ್ಲಿ’ ಆದದ್ದು ನೆನಪಿದ್ದರೆ ಅರ್ಧಕ್ಕರ್ಧ ಪದಗಳು ಪರಿಚಯದವೇ ಆಗಿಬಿಡುತ್ತವೆ. ಆಮೇಲೆ ಕ್ರಿಯಾಪದ ಹುಡುಕಿ. ಅದು ಸಿಕ್ಕಿದರೆ ಯಾರು, ಯಾರನ್ನು, ಏನು ಮಾಡಿದರು ಎಂದು ಅನ್ವಯ ಮಾಡಿಕೊಳ್ಳಬಹುದು. ಇಷ್ಟಾದ ಮೇಲೆ ಮಾತ್ರ ಗದ್ಯಾನುವಾದ ನೋಡಿ. ‘ವಿಕ್ರಮಾರ್ಜುನ ವಿಜಯ’ಕ್ಕೆ ಎನ್. ಅನಂತರಂಗಾಚಾರ್ ಅವರ ಗದ್ಯಾನುವಾದವಿದೆ, ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯಿದೆ. ಮೊದಲೇ ಅನುವಾದ ನೋಡಿದರೆ ಪದ್ಯ ನಿಮ್ಮದಾಗುವುದಿಲ್ಲ. ಪರೀಕ್ಷೆಯಲ್ಲಿ ಓದಿರದ ಪದ್ಯ ಬಂದಾಗ ಕೈ ಕಟ್ಟಿಹಾಕಿದಂತಾಗುತ್ತದೆ.

ಶಿವಮೊಗ್ಗದ ಪಕ್ಕದ ಮತ್ತೂರು–ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಇಂದಿಗೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದ ಕುಮಾರವ್ಯಾಸ ಭಾರತದ ವಾಚನಗಳನ್ನು ಫೋನಿನಲ್ಲಿ ಕೇಳಬಹುದು. ಬಸ್ಸಿನಲ್ಲಿ ಕೂತು ಪುಸ್ತಕ ತೆರೆಯಲಾಗದ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ನೀವೇ ಓದಿ ಧ್ವನಿಮುದ್ರಿಸಿಕೊಂಡು ಕೇಳುವುದೂ ಒಳ್ಳೆಯದು. ಎಲ್ಲಿ ತಪ್ಪು ಜಾಗದಲ್ಲಿ ಉಸಿರು ನಿಲ್ಲಿಸಿದ್ದೀರಿ ಎಂಬುದು ಕೇಳುವಾಗ ತಾನಾಗಿ ಗೊತ್ತಾಗುತ್ತದೆ.

5. ಛಂದಸ್ಸನ್ನು ಮನೆಯ ಮಾತಿನಲ್ಲಿ ಕಲಿಯಿರಿ

ಛಂದಸ್ಸಿನ ಪ್ರಶ್ನೆ ಲೆಕ್ಕದ ಪ್ರಶ್ನೆಯಿದ್ದ ಹಾಗೆ, ಸರಿ ಬರೆದರೆ ಪೂರ್ತಿ ಅಂಕ. ಆದರೂ ಹಿರಿಯ ವಿದ್ಯಾರ್ಥಿಗಳು ಇದಕ್ಕೆ ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ.

ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು–ನಾಲ್ಕು–ಮೂರು–ನಾಲ್ಕು ಮಾತ್ರೆಗಳ ಗಣಗಳು, ಒಟ್ಟು ಹದಿನಾಲ್ಕು. ಮೂರು ಮತ್ತು ಆರನೆಯ ಸಾಲಿನಲ್ಲಿ ಮೂರು–ನಾಲ್ಕು ಎಂಬ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಇದನ್ನು ಹೀಗೆ ಬಾಯಿಪಾಠ ಮಾಡಿದರೆ ನಾಳೆಗೆ ಮರೆಯುತ್ತದೆ. ‘ಅಡುಗೆ ಮನೆಯಲಿ ಹಾಲು ಉಕ್ಕಿತು’ ಎಂದು ಹೇಳಿ ನೋಡಿ. ‘ಅಡುಗೆ’ ಮೂರು ಲಘು. ‘ಮನೆಯಲಿ’ ನಾಲ್ಕು ಲಘು. ‘ಹಾಲು’ ಎಂಬುದರಲ್ಲಿ ಗುರು ಒಂದು, ಲಘು ಒಂದು, ಸೇರಿ ಮೂರು ಮಾತ್ರೆ. ‘ಉಕ್ಕಿತು’ ಎಂಬಲ್ಲಿ ಒತ್ತಕ್ಷರದ ಹಿಂದಿನ ‘ಉ’ ಗುರುವಾಗಿ ನಾಲ್ಕು ಮಾತ್ರೆ. ಭಾಮಿನಿಯ ಮೊದಲ ಸಾಲು ಸಿದ್ಧ. ಎರಡನೆಯ ಸಾಲಿಗೆ ‘ಒಡನೆ ಒಲೆಯನು ಆರಿಸೆಂದಳು’ ಎಂದರೆ ಲೆಕ್ಕವೂ ಕೂಡುತ್ತದೆ, ಎರಡನೆಯ ಅಕ್ಷರದಲ್ಲಿ ‘ಡ’ಕಾರ ಬಂದು ಆದಿಪ್ರಾಸವೂ ಕೂಡುತ್ತದೆ. ಉಳಿದ ನಾಲ್ಕು ಸಾಲು ನೀವೇ ಕಟ್ಟಿ, ಪ್ರಾಸ ಕೆಡದಂತೆ ನೋಡಿಕೊಳ್ಳಿ. ಒಂದು ವಾರ ಹೀಗೆ ಮನೆಯ ಮಾತನ್ನೆಲ್ಲ ಅಳೆದವರಿಗೆ ಪ್ರಸ್ತಾರ ಹಾಕುವುದು ಉಸಿರಾಟದಷ್ಟು ಸಲೀಸು. ವಾರ್ಧಕ ಷಟ್ಪದಿಗೆ ಐದೈದು ಮಾತ್ರೆಯ ನಡೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಹತ್ತು ಪದ್ಯ ಗಟ್ಟಿಯಾಗಿ ಓದಿದರೆ ಆ ನಡೆ ಕಾಲಿಗೇ ಬರುತ್ತದೆ. ಆಕರಗ್ರಂಥವಾಗಿ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ‘ಕನ್ನಡ ಛಂದಃಸ್ವರೂಪ’ ಒಂದಿದ್ದರೆ ಸಾಕು.

6. ಕಾಲದ ಪಟ್ಟಿ ಗೋಡೆಗೆ ಅಂಟಿಸಿ

ಸಾಹಿತ್ಯ ಚರಿತ್ರೆಯ ಪತ್ರಿಕೆಗೆ ಇದಕ್ಕಿಂತ ಸುಲಭದ ತಯಾರಿ ಇಲ್ಲ. ಒಂದೇ ಹಾಳೆಯಲ್ಲಿ ನಾಲ್ಕು ಅಂಕಣ: ಕಾಲ, ಕವಿ, ಆಶ್ರಯ, ಪ್ರಕಾರ. ಒಂಬತ್ತನೆಯ ಶತಮಾನದ ನಡುವೆ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’. 941ರಲ್ಲಿ ಪಂಪ, ಅರಿಕೇಸರಿಯ ಆಶ್ರಯ, ಚಂಪೂ. ಹನ್ನೆರಡನೆಯ ಶತಮಾನದ ಕಲ್ಯಾಣದ ವಚನಕಾರರು, ಅವರ ಬೆನ್ನಿಗೇ ಹರಿಹರನ ರಗಳೆ, ರಾಘವಾಂಕನ ಷಟ್ಪದಿ. 1209ರಲ್ಲಿ ಜನ್ನನ ‘ಯಶೋಧರ ಚರಿತೆ’. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಹೀಗೆ ಇಳಿಯುತ್ತ ಬನ್ನಿ. ವಿವರಕ್ಕೆ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಇಂದಿಗೂ ಓದಿಸಿಕೊಳ್ಳುವ ಪುಸ್ತಕ.

7. ಒಂದು ಗಂಟೆ, ಒಂದು ಜಾಗ

ಭಾನುವಾರ ಇಡೀ ದಿನ ಓದುತ್ತೇನೆ ಎಂಬ ಲೆಕ್ಕಾಚಾರ ಬೇಡ. ಭಾನುವಾರ ನೆಂಟರು ಬರುತ್ತಾರೆ, ಗೃಹಪ್ರವೇಶ ಇರುತ್ತದೆ. ದಿನವೂ ಒಂದು ಗಂಟೆ, ಅದೇ ಹೊತ್ತು, ಅದೇ ಕುರ್ಚಿ. ಮನೆಯವರಿಗೆ ‘ಸಹಕಾರ ಕೊಡಿ’ ಎಂದು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಬೆಳಿಗ್ಗೆ ಐದರಿಂದ ಆರು ನನ್ನನ್ನು ಕರೆಯಬೇಡಿ, ಕಾಫಿ ನೀವೇ ಮಾಡಿಕೊಳ್ಳಿ’ ಎಂದು ಬಿಡಿಸಿ ಹೇಳಿ. ಕನ್ನಡಕದ ನಂಬರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಹಳೆಯ ಮುದ್ರಣಗಳ ಅಕ್ಷರ ಸಣ್ಣದು, ತಲೆನೋವು ಬಂದು ಓದು ನಿಂತರೆ ಅದನ್ನು ಸೋಮಾರಿತನ ಎಂದುಕೊಂಡು ಕೊರಗುವವರಿದ್ದಾರೆ.

8. ಸಂಪರ್ಕ ತರಗತಿಗೆ ಹೋಗಿ, ಗೆಳೆಯರನ್ನು ಕಟ್ಟಿಕೊಳ್ಳಿ

ರಜೆ ಹಾಕಿಯಾದರೂ ಹೋಗಿ. ಮೇಷ್ಟ್ರು ಪಾಠ ಮಾಡುವುದು ಒಂದು ಲಾಭವಾದರೆ, ಪಕ್ಕದ ಬೆಂಚಿನವರ ಪರಿಚಯ ಇನ್ನೊಂದು. ಪರೀಕ್ಷಾ ಶುಲ್ಕದ ಕೊನೆಯ ದಿನ, ಪ್ರವೇಶ ಪತ್ರ ಬಂದ ಸುದ್ದಿ, ಬದಲಾದ ವೇಳಾಪಟ್ಟಿ ಎಲ್ಲ ಗೊತ್ತಾಗುವುದು ಆ ಐದಾರು ಜನರಿಂದ. ವಾರಕ್ಕೊಮ್ಮೆ ಫೋನಿನಲ್ಲಿ ಒಬ್ಬರು ಒಂದು ಪದ್ಯ ಓದಿ ಅರ್ಥ ಹೇಳುವ ಪದ್ಧತಿ ಇಟ್ಟುಕೊಂಡ ಗುಂಪುಗಳು ಪಾಸಾಗುವುದನ್ನು ನೋಡಿದ್ದೇನೆ. ನೋಟ್ಸಿನ ಪಿಡಿಎಫ್‌ಗಳನ್ನು ಹಂಚುವುದಷ್ಟನ್ನೇ ಮಾಡುವ ಗುಂಪಿನಿಂದ ಅಂಥ ಪ್ರಯೋಜನವಿಲ್ಲ.

9. ನಿಮ್ಮ ಬದುಕನ್ನು ಉತ್ತರಕ್ಕೆ ತನ್ನಿ, ಕೃತಿಯ ಸಾಕ್ಷಿಯೊಡನೆ ತನ್ನಿ

ಹಿರಿಯ ವಿದ್ಯಾರ್ಥಿಯ ನಿಜವಾದ ಬಲ ಇರುವುದು ಇಲ್ಲಿ. ಅದನ್ನು ಸರಿಯಾಗಿ ಬಳಸಿಕೊಳ್ಳುವವರು ಕಡಿಮೆ ಎಂಬುದು ನನಗೆ ನೋವಿನ ವಿಷಯ.

ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆದು ಬರುತ್ತಾನೆ. ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆ ನಿಂತು ಅಳುತ್ತಾನೆ. ಇಪ್ಪತ್ತೊಂದರ ಹುಡುಗ ಇದನ್ನು ‘ಕರುಣರಸ’ ಎಂದು ಗುರುತು ಹಾಕಿಕೊಂಡು ಮುಂದೆ ಹೋಗುತ್ತಾನೆ. ತಮ್ಮನನ್ನೋ ಮಗನನ್ನೋ ಮಣ್ಣು ಮಾಡಿ ಬಂದವರು ಅಲ್ಲೇ ನಿಂತುಬಿಡುತ್ತಾರೆ. ಸೋತ ಮನುಷ್ಯ ತನ್ನ ಹಟದಿಂದಲೇ ಸತ್ತವರ ಮುಂದೆ ಹೇಗೆ ಮಾತಾಡುತ್ತಾನೆ, ಯಾವ ಮಾತು ನುಂಗಿಕೊಳ್ಳುತ್ತಾನೆ ಎಂಬುದು ಅವರಿಗೆ ಗೊತ್ತು. ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯ ವಿಷಯವೂ ಹಾಗೆಯೇ. ಅರಮನೆಯ ರಾಣಿ ನಡುರಾತ್ರಿ ಎದ್ದು ವಿಕಾರ ರೂಪಿನ ಮಾವುತ ಅಷ್ಟಾವಂಕನ ಬಳಿಗೆ ಹೋಗುವುದನ್ನು ಓದುವಾಗ ಹರೆಯದವರು ಥಟ್ಟನೆ ತೀರ್ಪು ಕೊಟ್ಟುಬಿಡುತ್ತಾರೆ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅಷ್ಟು ಬೇಗ ತೀರ್ಪು ಕೊಡುವುದಿಲ್ಲ.

ಈ ತಿಳಿವಳಿಕೆ ಉತ್ತರಪತ್ರಿಕೆಯ ಮೇಲೆ ಬರಬೇಕಾದರೆ ‘ನನಗೆ ಹೀಗನ್ನಿಸಿತು’ ಎಂದರೆ ಸಾಲದು. ಯಾವ ಪದ್ಯದಲ್ಲಿ, ಯಾವ ಮಾತಿನಲ್ಲಿ ಅದು ಕಾಣುತ್ತದೆ ಎಂದು ತೋರಿಸಬೇಕು. ಅಮೃತಮತಿಗೆ ಕಿವಿಗೊಟ್ಟ ಕವಿ ಅವಳನ್ನು ಎಲ್ಲಿಯವರೆಗೆ ಅರ್ಥಮಾಡಿಕೊಳ್ಳುತ್ತಾನೆ, ಎಲ್ಲಿ ಕೈಬಿಡುತ್ತಾನೆ? ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪ ಹಿಂಸೆಗೇ ಜನ್ಮಜನ್ಮಾಂತರದ ಶಿಕ್ಷೆ ಹೇಳುವ ಜೈನ ಕಾವ್ಯದೊಳಗೆ ಅವಳ ಕಥೆಗೆ ಏನು ಸ್ಥಾನ? ಅನುಭವದಿಂದ ಪ್ರಶ್ನೆ ಹುಟ್ಟಲಿ, ಉತ್ತರವನ್ನು ಕೃತಿಯಿಂದ ಹೆಕ್ಕಿ. ಅಂಥ ಒಂದು ಪುಟ ಓದಿದ ಮೌಲ್ಯಮಾಪಕರು ಗೈಡಿನಿಂದ ಇಳಿಸಿದ ನೂರು ಉತ್ತರಗಳ ನಡುವೆ ಅದನ್ನು ಗುರುತಿಸದೆ ಇರಲಾರರು. ನನ್ನ ಮಟ್ಟಿಗೆ ಅಂಕಕ್ಕಿಂತ ದೊಡ್ಡ ಮಾತೆಂದರೆ, ಆ ಬರಹದಿಂದ ಕೃತಿಗೇ ಹೊಸ ಓದುಗರೊಬ್ಬರು ಸಿಕ್ಕಂತಾಗುತ್ತದೆ.

10. ಅಸೈನ್‌ಮೆಂಟನ್ನು ಸ್ವಂತ ಕೈಯಿಂದ ಬರೆಯಿರಿ

ಇಗ್ನೋದ ಇಂಗ್ಲಿಷ್ ಎಂ.ಎ. ವ್ಯವಸ್ಥೆಯಲ್ಲಿ ನೂರಕ್ಕೆ 30 ಅಸೈನ್‌ಮೆಂಟಿಗೆ, 70 ಪರೀಕ್ಷೆಗೆ. ಬೇರೆ ಕಡೆ ಪ್ರಮಾಣ ಬೇರೆ ಇರಬಹುದು, ಆದರೆ ಮನೆಯಲ್ಲಿ ಕೂತು ಸಂಪಾದಿಸಬಹುದಾದ ಅಂಕ ಇದೊಂದೇ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರ ತಂದು ನಕಲು ಮಾಡಿದವರು ಅಂಕ ಪಡೆದರೂ ಬರೆಯುವುದನ್ನು ಕಲಿಯದೆ ಪರೀಕ್ಷೆಗೆ ಹೋಗುತ್ತಾರೆ. ಸಲ್ಲಿಸುವ ಮುಂಚೆ ಒಂದು ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ಪಡೆಯಿರಿ.

11. ಕೈಗೆ ಮತ್ತೆ ಬರೆಯುವ ರೂಢಿ ಮಾಡಿಸಿ

ಇಪ್ಪತ್ತು ವರ್ಷದಿಂದ ಸಹಿ ಮತ್ತು ದಿನಸಿ ಚೀಟಿ ಬಿಟ್ಟರೆ ಬೇರೆ ಬರೆಯದ ಕೈ ಮೂರು ಗಂಟೆ ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಎರಡನೆಯ ಗಂಟೆಗೆ ಬೆರಳು ಸೆಟೆದುಕೊಳ್ಳುತ್ತದೆ, ಗೊತ್ತಿದ್ದ ಕೊನೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಪರೀಕ್ಷೆಗೆ ಮೂರು ತಿಂಗಳು ಇರುವಾಗಲೇ ದಿನಕ್ಕೊಂದು ಪುಟದಿಂದ ಶುರುಮಾಡಿ. ಕೊನೆಯ ತಿಂಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, ಪೂರ್ತಿ ಬರೆಯಿರಿ.

ಸಂದರ್ಭದೊಡನೆ ಸ್ವಾರಸ್ಯ ಬರೆಯುವ ಪ್ರಶ್ನೆಗೆ ಕ್ರಮ ಬಿಡಬೇಡಿ: ಕವಿ, ಕೃತಿ, ಯಾರು ಯಾರಿಗೆ ಯಾವಾಗ ಹೇಳಿದ್ದು, ಕೊನೆಗೆ ಸ್ವಾರಸ್ಯ. ಮೊದಲ ಮೂರನ್ನು ಮೂರು ವಾಕ್ಯದಲ್ಲಿ ಮುಗಿಸಿ ಸ್ವಾರಸ್ಯಕ್ಕೆ ಜಾಗ ಕೊಡಿ. ಕಾವ್ಯಮೀಮಾಂಸೆಯ ಪ್ರಶ್ನೆಗೆ ವ್ಯಾಖ್ಯೆಯೊಂದಿಗೇ ನಿಲ್ಲಬೇಡಿ. ಧ್ವನಿ ಎಂದರೇನು ಎಂದು ಬರೆದ ಮೇಲೆ ನೀವು ಓದಿದ ಕನ್ನಡ ಕಾವ್ಯದಿಂದ ಒಂದು ಉದಾಹರಣೆ ಬಿಡಿಸಿ ತೋರಿಸಿ. ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ನಿಧಾನವಾಗಿ ಓದಿದವರಿಗೆ ಈ ಪತ್ರಿಕೆಯೇ ಎಲ್ಲಕ್ಕಿಂತ ಪ್ರಿಯವಾಗುವುದುಂಟು.

12. ‘ಈ ವಯಸ್ಸಿಗೆ ಯಾಕಮ್ಮ?’ ಎಂದವರಿಗೆ

ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿ ಮೇಷ್ಟ್ರಾದರು. ಎಂ.ಎ. ಪಡೆದದ್ದು 1935ರಲ್ಲಿ, ಆಗ ಅವರಿಗೆ 39 ವರ್ಷ. ಅಷ್ಟು ಹೊತ್ತಿಗೆ ‘ಗರಿ’ ಬಂದು ಮೂರು ವರ್ಷವಾಗಿತ್ತು, ನಾಡಿಗೆಲ್ಲ ಕವಿಯೆಂದು ಹೆಸರಾಗಿತ್ತು, ಜೈಲುವಾಸವೂ ಆಗಿತ್ತು. ಆ ಪದವಿಯ ಬಲವೂ ಇದ್ದು ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ವರ್ಷಗಟ್ಟಲೆ ಪಾಠ ಮಾಡಿದರು. ಕೇಳಿದವರಿಗೆ ಇಷ್ಟು ಹೇಳಿ ಪುಸ್ತಕಕ್ಕೆ ಮರಳಿ.

13. ಪದವಿ ಬಂದ ಮೇಲೆ

ಘಟಿಕೋತ್ಸವದ ಅರ್ಜಿ, ಶುಲ್ಕ ಪ್ರತ್ಯೇಕ. ಅಂಕಪಟ್ಟಿ ಬಂತೆಂದು ಸುಮ್ಮನಾಗದೆ ಪದವಿ ಪ್ರಮಾಣಪತ್ರವನ್ನೂ ತೆಗೆಸಿಕೊಳ್ಳಿ. ಪಾಠ ಮಾಡುವ ಆಸೆ ಇದ್ದರೆ ಎನ್‌ಇಟಿ ಅಥವಾ ಕೆ-ಸೆಟ್ ಬರೆಯಿರಿ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಅಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆದರೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಮೀಸಲು ವರ್ಗದವರಿಗೆ ಶೇ. 50 ಅಂಕ ಇರಲೇಬೇಕು. ಈ ಗುರಿ ಇರುವವರು ಮೊದಲ ವರ್ಷದಿಂದಲೇ ಪಾಸಾದರೆ ಸಾಕು ಎಂಬ ಲೆಕ್ಕ ಬಿಟ್ಟು ಓದಬೇಕು. ಈ ಅರ್ಹತಾ ಪರೀಕ್ಷೆಗಳ ಎರಡು ಪತ್ರಿಕೆಗಳಲ್ಲಿ ಮೊದಲನೆಯದು ಎಲ್ಲ ವಿಷಯದವರಿಗೂ ಒಂದೇ: ಬೋಧನೆ, ಸಂಶೋಧನೆ, ತರ್ಕ, ಅಂಕಿಅಂಶಗಳ ಗ್ರಹಿಕೆ. ಸಾಹಿತ್ಯದವರು ಅದನ್ನು ಕಡೆಗಣಿಸಿ ಸೋಲುತ್ತಾರೆ, ಅದಕ್ಕೂ ದಿನಕ್ಕೆ ಅರ್ಧ ಗಂಟೆ ಮೀಸಲಿಡಿ.